ಸೇತುವೆಯ ಏರಿನಲ್ಲಿ ನಿಂತ ಕಾರು

ಸೇತುವೆಯ ಏರು ಅರ್ಧ ಹತ್ತುವಷ್ಟರಲ್ಲಿ ಕಾರು ಕೆಮ್ಮಿತು.

ಒಂದು ಸಲ ಕೆಮ್ಮಿ ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಸಲ. ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದರೂ ಅದಕ್ಕೆ ಉಸಿರು ಸಾಲಲಿಲ್ಲ. ಮುಗ್ಗರಿಸಿ, ಎರಡು ಮಾರು ತೆವಳಿ, ನಿಂತೇಬಿಟ್ಟಿತು.

"ನಿಂತೋಯ್ತು! ಬೋಲ್ಟಣ್ಣಾ, ನಿಂತೋಯ್ತು!"

ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅವಳು ನಗುತ್ತಿದ್ದಳು. ಪಕ್ಕದಲ್ಲಿದ್ದ ಮೆಕ್ಯಾನಿಕ್ ಅವಳನ್ನೇ ನೋಡಿದ. ಊರಿಗೆಲ್ಲ ಬೋಲ್ಟಣ್ಣ, ಅವಳ ಗಂಡನಿಗೆ ಮಾತ್ರ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ; ಆ ಗಂಡನನ್ನು ಕುಳ್ಳ ಎಂದೇ ಕರೆಯುತ್ತಿದ್ದವನು.

"ಕಾರು ಕೆಟ್ಟು ನಿಂತಿದ್ದಕ್ಕೆ ಇಷ್ಟು ಖುಷಿಪಟ್ಟೋರನ್ನ ನಾನು ನೋಡೇ ಇಲ್ಲ ಅತ್ತಿಗೆ. ನನ್ನ ಗಿರಾಕಿಗಳು ಇಂಥ ಹೊತ್ತಲ್ಲಿ ನನ್ನ ವಂಶಾನೇ ಬೈತಾರೆ."

ಅವಳ ನಗು ಎಲ್ಲಿ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ.

ಗಂಡನ ಕಾರು ಸಿಕ್ಕಿದ್ದು ಇದೇ ಏರಿನಲ್ಲಿ. ಗಂಡ ಸಿಕ್ಕಿದ್ದು ಕೆಳಗೆ, ಹೊಳೆ ತಿರುಗುವ ಕಡೆ, ಬೇರುಗಳ ನಡುವೆ. ಪೊಲೀಸರು ಬಂದು ಕೀ ತಿರುಗಿಸಿದರೆ ಕಾರು ಮೊದಲ ಸಲಕ್ಕೇ ಶುರುವಾಗಿತ್ತು. "ಏನೂ ಕೆಡದ ಕಾರನ್ನ ಸೇತುವೆ ಮೇಲೆ ಯಾಕಮ್ಮ ನಿಲ್ಲಿಸ್ತಾರೆ?" ಎಂದು ಇನ್‌ಸ್ಪೆಕ್ಟರು ಮೆತ್ತಗೆ ಕೇಳಿದ್ದರು. ಆ ಮೆತ್ತನೆಯ ದನಿಯನ್ನು ಅವಳು ಇನ್ನೂ ಮರೆತಿಲ್ಲ. ಬೈದಿದ್ದರೆ ಮರೆಯುತ್ತಿದ್ದಳೇನೋ.

ಇನ್‌ಸ್ಪೆಕ್ಟರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಸಾಯುವ ಮುಂಚೆ ತಿಂಗಳುಗಟ್ಟಲೆ ಗಂಡ ತಡವಾಗಿ ಮನೆಗೆ ಬರುತ್ತಿದ್ದ. ಅವರದು ಕನ್ನಡಕದ ಅಂಗಡಿ. ಅವಳು ಗಾಜು ಕೊರೆದು, ಉಜ್ಜಿ, ಚೌಕಟ್ಟಿಗೆ ಕೂರಿಸುತ್ತಿದ್ದಳು; ಅವನು ಸುತ್ತಲ ಊರುಗಳಿಗೆ ತಲುಪಿಸಿ ಬರುತ್ತಿದ್ದ. ತಡ ಯಾಕೆ ಎಂದರೆ ಒಂದೇ ಉತ್ತರ: "ಕಾರು ಕೈಕೊಡ್ತು ಕಣೇ. ಸ್ವಲ್ಪ ಹೊತ್ತು ಬಿಟ್ಟು ತಾನಾಗೇ ಸರಿಹೋಯ್ತು." ತಾನಾಗಿ ಕೆಟ್ಟು ತಾನಾಗಿ ಸರಿಹೋಗುವ ಕಾರನ್ನು ಯಾವ ಹೆಂಡತಿ ನಂಬುತ್ತಾಳೆ? ಅವಳೂ ನಂಬಲಿಲ್ಲ. ಕೊನೆಯ ದಿನ ಬೆಳಗ್ಗೆ, ಅವನು ಬೂಟಿಗೆ ಲೇಸು ಕಟ್ಟುತ್ತಿದ್ದಾಗ, ಅಂದುಬಿಟ್ಟಿದ್ದಳು: "ಇವತ್ತೂ ಕಾರು ಕೈಕೊಡ್ತು ಅನ್ನೋದಾದ್ರೆ ಮನೆಗೇ ಬರಬೇಡಿ."

ಅವನು ಬರಲಿಲ್ಲ.

ಕಾರು ಚೆನ್ನಾಗಿತ್ತು ಅಂದರೆ ಅವನು ಅವಳ ಮಾತಿಗೇ ಬಿದ್ದು ಸತ್ತ. ಕಾರು ನಿಜಕ್ಕೂ ನಿಲ್ಲುತ್ತಿತ್ತು ಅಂದರೆ ಒಬ್ಬ ಸತ್ಯವಂತನನ್ನು ಅವಳು ಸುಳ್ಳುಗಾರ ಅಂದಳು. ಎರಡರಲ್ಲಿ ಯಾವುದನ್ನಾದರೂ ಹೊತ್ತು ಬದುಕಲೇಬೇಕು. ಎರಡನೆಯದನ್ನು ಹೊರಬಲ್ಲೆ ಅನ್ನಿಸಿತ್ತು ಅವಳಿಗೆ. ಅದಕ್ಕೇ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಕಾರನ್ನು ಹೊರಗೆಳೆಸಿ, ಬೋಲ್ಟಣ್ಣನನ್ನು ಗೋಗರೆದು ಕರೆತಂದಿದ್ದಳು. ದಿನವೂ ಓಡಿಸಿದರು. ದಿನವೂ ಕಾರು ಹೂವೆತ್ತಿದ ಹಾಗೆ ಓಡಿತು. ಇವತ್ತು ಕೊನೆಯ ದಿನ. ಮಧ್ಯಾಹ್ನ ಗುಜರಿಯವನ ಲಾರಿ ಬರುವುದಿತ್ತು. ಮೈದುನ ಗೊತ್ತುಮಾಡಿದ್ದ, ಅತ್ತೆ ಹೂಂ ಅಂದಿದ್ದರು.

ಇವತ್ತು ನಿಂತಿತು.

"ಅತ್ತುಕೊಂಡು ಕೂತರೆ ಆಮೇಲೆ ಸರಿಹೋಗಿಬಿಡುತ್ತೆ. ಇಳೀರಿ, ಇಳೀರಿ," ಎಂದ ಬೋಲ್ಟಣ್ಣ ಬಾನೆಟ್ ಎತ್ತಿದ.

ಮೊದಲು ಪ್ಲಗ್ಗಿನ ವಯರು ಕಿತ್ತು ಹಿಡಿದ. ಅವಳು ಕಿಟಕಿಯೊಳಗೆ ಕೈಹಾಕಿ ಕೀ ತಿರುಗಿಸಿದಾಗ ನೀಲಿ ಕಿಡಿ ಚಟ್ಟೆಂದಿತು. ಬೆಂಕಿಯಲ್ಲಿ ಐಬಿಲ್ಲ. ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಒಂದು ಬಾಟಲಿಯ ಬಾಯಿಗಿಟ್ಟ. "ತಿರುಗಿಸಿ." ಎಂಜಿನ್ನು ಗರಗರ ತಿರುಗಿತು. ಬಾಟಲಿ ಒಣಗಿಯೇ ಇತ್ತು.

"ಪಂಪು ಸತ್ತಿದೆಯಾ?"

"ಪಂಪಿನ ಚರ್ಮ ಮೊನ್ನೆ ತಾನೇ ನೋಡಿದ್ದೀನಿ, ಗುಂಡುಕಲ್ಲಿನ ಹಾಗಿದೆ." ಅವನು ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತಿರುಗಿಸಿ ಕಿವಿಗೊಟ್ಟ. ಗಾಳಿ ಹೀರುವ ಸದ್ದಿಲ್ಲ. "ಮುಚ್ಚಳದ ತೂತೂ ತೆರೆದೇ ಇದೆ." ಮರಳಿ ಬಂದು ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಬಿಚ್ಚಿ ಬಾಯಿಗಿಟ್ಟು ಹೀರಿದ. ಕೆನ್ನೆ ಗುಳಿಬಿತ್ತು, ಪೆಟ್ರೋಲು ಬರಲಿಲ್ಲ. ಆಮೇಲೆ ಜೋರಾಗಿ ಊದಿದ. ಹಿಂದೆ ಟ್ಯಾಂಕಿನಲ್ಲಿ ಗುಳುಗುಳು ಸದ್ದಾಯಿತು. ಮತ್ತೆ ಹೀರಿದ; ಈ ಸಲ ಬಾಯಿ ತುಂಬ ಬಂದು, ಥೂ ಎಂದು ಉಗಿದ.

"ಸಿಕ್ತು ಅತ್ತಿಗೆ. ಟ್ಯಾಂಕೊಳಗೆ ಏನೋ ಇದೆ. ಏರಲ್ಲಿ ಎಂಜಿನ್ನು ಜಾಸ್ತಿ ಎಳೀತಲ್ಲ, ಆಗ ಅದು ಬಂದು ಪೈಪಿನ ಬಾಯಿಗೆ ಕಚ್ಕೊಳ್ಳುತ್ತೆ. ಎಂಜಿನ್ನು ನಿಂತ್ರೆ ಎಳೆತ ಇಲ್ಲ. ಆಮೇಲೆ ಮೆತ್ತಗೆ ಬಿಟ್ಕೊಂಡು ಬಿದ್ದುಹೋಗುತ್ತೆ."

"ಪೊಲೀಸರು ಬರೋ ಹೊತ್ತಿಗೆ ಬಿದ್ದುಹೋಗಿತ್ತು."

"ಹ್ಞಾಂ." ಅವನು ಬಾಯಿ ಒರೆಸಿಕೊಂಡ. ಸೇತುವೆಯ ಪಕ್ಕ ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲುಗಳ ಕಡೆ ನೋಡಿದ. ಕೆಳಗಿನವು ಪಾಚಿ ಹಿಡಿದು ಹಸಿರಾಗಿದ್ದವು. "ಕುಳ್ಳ ನನ್ನ ಹತ್ರಾನೂ ಎಷ್ಟು ಸಲ ಬಂದಿದ್ದ. ನಾನು ಓಡಿಸಿದ್ರೆ ಏನೂ ಆಗ್ತಿರಲಿಲ್ಲ. ಬಿಸಿಗೆ ಪೆಟ್ರೋಲು ಆವಿಯಾಗ್ತಿರಬೇಕು, ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕು ಅಂದೆ. ಏರಲ್ಲಿ ನಿಂತ್ರೆ ಏನು ಕಷ್ಟ, ಮೆಟ್ಟಿಲಿದೆ, ನೀರು ಹತ್ರಾನೇ ಅಂತಲೂ ನಾನೇ ಅಂದೆ."

ಅವಳು ಮೆಟ್ಟಿಲ ತುದಿಯವರೆಗೆ ಹೋಗಿ ನಿಂತಳು. ಗಂಡ ಕಣ್ಣಿಗೆ ಕಟ್ಟಿದ: ಕುಳ್ಳಗಿನ ಮನುಷ್ಯ, ಕೈಯಲ್ಲಿ ಡಬ್ಬಿ, ಬೂಟು ನೆನೆಯದಿರಲೆಂದು ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕಾಲು ಕೆಳಗೆ. ಅವನು ಬಾಗುವ ರೀತಿ ಅವಳಿಗೆ ಗೊತ್ತು. ಹಾರಲಿಲ್ಲ, ಜಾರಿದ. ನೀರು ತರಲು ಹೋದ. ಬೇಗ ಮನೆಗೆ ಬರಬೇಕೆಂದು ಹೋದ.

ಬೋಲ್ಟಣ್ಣ ಪೈಪುಗಳನ್ನು ಕೂಡಿಸಿ ಕೀ ತಿರುಗಿಸಿದರೆ ಕಾರು ಏನೂ ಆಗದ ಹಾಗೆ ಶುರುವಾಯಿತು.

*

ಮನೆಯ ಅಂಗಳದಲ್ಲಿ ಬೋಲ್ಟಣ್ಣ ಡಿಕ್ಕಿಯ ತಳದ ರಬ್ಬರ್ ಹಾಸು ಎತ್ತಿ, ಟ್ಯಾಂಕಿನ ಮೇಲಿನ ದುಂಡನೆಯ ತಗಡು ಬಿಚ್ಚಿದ. ಕೊಕ್ಕೆಯ ತಂತಿ ಇಳಿಸಿ ಮೀನು ಹಿಡಿಯುವವನ ಹಾಗೆ ಅತ್ತಿತ್ತ ಆಡಿಸಿದ. ಮೇಲೆ ಬಂದದ್ದು ಅಂಗೈಯಗಲದ ಹಳದಿ ಬಟ್ಟೆ.

"ಇಗೋ ನಿಮ್ಮ ಕಳ್ಳ."

ಅವಳು ಅದನ್ನು ಎರಡೂ ಕೈಯಲ್ಲಿ ಬೊಗಸೆಯೊಡ್ಡಿ ಇಸಿದುಕೊಂಡಳು. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಂಡಿತು. ಮಗ ಹೋದಮೇಲೆ ಅತ್ತೆ ಅವಳಿಗೆ ಆಡಿದ್ದು ಒಂದೇ ಮಾತು: "ನಿನ್ನ ನಾಲಿಗೇನೇ ನನ್ನ ಮಗನನ್ನ ತಳ್ಳಿದ್ದು." ಅಂದಿನಿಂದ ಒಂದೇ ಒಲೆಯಲ್ಲಿ ಬೇಯಿಸಿದರೂ ಒಬ್ಬರ ಕಡೆ ಒಬ್ಬರು ಮುಖ ಕೊಟ್ಟು ಕೂತಿಲ್ಲ. ನೋಡಿ ಅತ್ತೆ, ಎಂದು ಕೂಗಬೇಕೆನ್ನಿಸಿತು. ನಾನಲ್ಲ, ಈ ಬಟ್ಟೆ.

ಕೂಗಲಿಲ್ಲ. ಕೊರಳಲ್ಲಿ ಸದಾ ನೇತಾಡುವ ಭೂತಗನ್ನಡಿ ತಾನಾಗಿ ಕಣ್ಣಿಗೇರಿತ್ತು. ಕೈಗೆ ಬಂದದ್ದನ್ನೆಲ್ಲ ಗಾಜಿನಡಿ ಹಿಡಿಯುವುದು ಅವಳ ಅಭ್ಯಾಸ. ಅಕ್ಕಿ ಆರಿಸುವಾಗಲೂ ಹಾಗೆಯೇ, ಗಂಡ ರೇಗಿಸುತ್ತಿದ್ದ.

ಬಟ್ಟೆಯ ನಾಲ್ಕು ಅಂಚಿಗೂ ಸಣ್ಣಗೆ ಸುಟ್ಟ ಗೆರೆ. ಯಾರೋ ಬೆಂಕಿಕಡ್ಡಿಯ ಉರಿಗೆ ಹಿಡಿದು, ಒಂದೆಳೆಯೂ ಬಿಚ್ಚದ ಹಾಗೆ ಅಂಚು ಕಟ್ಟಿದ್ದರು. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲು ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಬಟ್ಟೆ ಮಾತ್ರ ಹೊಸ ಹಳದಿ.

ಅವಳು ಗಾಜು ಇಳಿಸಿದಳು.

"ಬೋಲ್ಟಣ್ಣ, ಕಾರು ಕೆಡಿಸೋಕೆ ಬಂದವನು ಬಟ್ಟೆ ಒಗೆದು ತರ್ತಾನಾ?"

"ಅಂದ್ರೆ?"

"ಅಂಚು ಸುಟ್ಟು, ಎಳೆ ಬಿಡದ ಹಾಗೆ ಮಾಡಿ ಹಾಕ್ತಾನಾ? ಎಂಜಿನ್ನಿಗೆ ನೋವಾಗಬಾರದು ಅಂತ?"

ಅವನು ಸ್ಪ್ಯಾನರನ್ನು ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

"ನನ್ನ ಕಣ್ಣು ನೋಡಿ ಹೇಳಿ. ಇದು ಒಳಗೆ ಬಿದ್ದು ಎಷ್ಟು ಹೊತ್ತಾಯ್ತು?"

"ಅತ್ತಿಗೆ, ಸಿಕ್ತಲ್ಲ, ಬಿಟ್ಟುಬಿಡಿ..."

"ನೀವೇ ಹಾಕಿದ್ದು."

ಅವನು ಕಾರಿನ ಬಂಪರಿನ ಮೇಲೆ ಕುಸಿದು ಕೂತ. ದಪ್ಪ ಬೆರಳುಗಳು ಒಂದರೊಳಗೊಂದು ಸಿಕ್ಕಿಕೊಂಡವು. "ನಿನ್ನೆ ಸಂಜೆ ಹಾಕಿದೆ. ಒಳಗೆ ಎಳೆ ಬಿಟ್ಟರೆ ಪಂಪಿನ ಜರಡಿಗೆ ಹೋಗಿ ಕೂರುತ್ತೆ. ಕೈ ಕೇಳಲಿಲ್ಲ, ಅಂಚು ಸುಟ್ಟೆ. ಏನ್ ಮಾಡ್ಲಿ? ದಿನಾ ನಿಮ್ಮ ಮುಖ ನೋಡ್ತಿದ್ದೆ. ಕಾರು ಚೆನ್ನಾಗಿ ಓಡಿದಷ್ಟೂ ನೀವು ಸೊರಗ್ತಿದ್ರಿ. ಒಂದು ಸಲ ನಿಂತುಬಿಟ್ರೆ ನಿಮಗೆ ಅನ್ನ ಇಳಿಯುತ್ತೆ, ನಿದ್ದೆ ಬರುತ್ತೆ ಅಂದ್ಕೊಂಡೆ."

"ಅಂದ್ರೆ ಕಾರಿಗೆ ಏನೂ ಆಗಿರಲಿಲ್ಲ."

"ಆಗಿರಲಿಲ್ಲ."

"ಅವರು ಸುಳ್ಳು ಹೇಳ್ತಿದ್ರು."

"ನನಗೇನು ಗೊತ್ತು ಅತ್ತಿಗೆ. ನನಗೆ ಕಾರು ಮಾತ್ರ ಗೊತ್ತು."

ಅವಳು ಅಂಗಳದ ನೆಲದ ಮೇಲೆ ಹಾಗೇ ಕೂತಳು. ಸ್ವಲ್ಪ ಮುಂಚೆ, ಆ ಮೆಟ್ಟಿಲ ತುದಿಯಲ್ಲಿ, ಗಂಡ ಅವಳಿಗೆ ಮರಳಿ ಸಿಕ್ಕಿದ್ದ. ಡಬ್ಬಿ ಹಿಡಿದು ಬಾಗಿದ್ದವನನ್ನು ಕಣ್ಣಾರೆ ಕಂಡಿದ್ದಳು. ಒಂದು ತುಂಡು ಹಳದಿ ಬಟ್ಟೆ ಅವನನ್ನು ಕೊಟ್ಟು, ಅದೇ ಬಟ್ಟೆ ಅವನನ್ನು ಕಿತ್ತುಕೊಂಡಿತು. ಒಮ್ಮೆ ವಿಧವೆಯಾಗುವುದು ಹೇಗೋ ಆಗುತ್ತದೆ, ಜನ ಸುತ್ತ ಇರುತ್ತಾರೆ. ಎರಡನೆಯ ಸಲಕ್ಕೆ ಯಾರೂ ಬರುವುದಿಲ್ಲ.

ಬೋಲ್ಟಣ್ಣ ಹತ್ತಿರ ಬಂದು ನಿಂತ. "ಬೈದುಬಿಡಿ. ಎರಡು ಬಾರಿಸಿದ್ರೂ ಸರಿ."

"ನೀವು ಒಳ್ಳೇದಕ್ಕೇ ಮಾಡಿದ್ರಿ." ಅವಳು ಬಟ್ಟೆಯನ್ನು ನೆಲದ ಮೇಲಿಟ್ಟಳು. "ಆದರೆ ಇನ್ನೊಬ್ಬರ ದುಃಖಕ್ಕೆ ಹೀಗೆ ತೇಪೆ ಹಾಕಬಾರದಣ್ಣ. ಕಿತ್ತುಬಂದಾಗ ಚರ್ಮಾನೂ ಕಿತ್ತುಬರುತ್ತೆ."

ಅವನು ತಲೆತಗ್ಗಿಸಿ ಹೋಗಿ ತಗಡನ್ನು ಮತ್ತೆ ಟ್ಯಾಂಕಿನ ಮೇಲಿಟ್ಟ. ಬೇಗಬೇಗ ಸ್ಕ್ರೂ ತಿರುಗಿಸತೊಡಗಿದ. ಲಾರಿ ಬರುವ ಹೊತ್ತಾಯಿತು, ಅಂದ. ಬಿಚ್ಚಿದ್ದನ್ನು ಕೂಡಿಸಿ ಕೊಡುವುದು ಲೇಸು, ಅಂದ.

ಅವಳು ಕಣ್ಣೊರೆಸಿಕೊಂಡಳು. ಅಳು ನಿಂತ ಮೇಲೆ ಬರುವ ನಿಚ್ಚಳ ಮನಸ್ಸಿನಲ್ಲಿ ಅವನ ಮಾತೊಂದು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡಿತು.

"ಪಂಪಿನ ಜರಡಿ ಅಂದ್ರಲ್ಲ. ಅದನ್ನ ನೋಡಿದ್ರಾ?"

"ಪಂಪು ಬಿಚ್ಚಿ ನೋಡಿದೆನಲ್ಲ."

"ಪಂಪಲ್ಲ. ಜರಡಿ."

"ಅದರಲ್ಲೇನಿರುತ್ತೆ? ಕಸ ಇರುತ್ತೆ."

"ಕಸಾನೇ ನೋಡ್ತೀನಿ."

"ಹಟ ಬೇಡ ಅತ್ತಿಗೆ. ಇಷ್ಟು ನೋವು ತಿಂದಿದ್ದು ಸಾಲದಾ?"

ಅವಳೇ ಎದ್ದು, ಅವನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಇಷ್ಟು ದಿನ ಅವನ ಭುಜದ ಮೇಲಿಂದ ಬಗ್ಗಿ ನೋಡಿದವಳಿಗೆ ಯಾವ ಸ್ಕ್ರೂ ಎಂದು ಹೇಳಿಕೊಡಬೇಕಿರಲಿಲ್ಲ. ಪಂಪಿನ ನೆತ್ತಿಯ ಟೊಪ್ಪಿಗೆ ಎತ್ತಿದಳು. ಒಳಗಿನ ತಂತಿಜಾಲರಿ ಕಂದು ಅಂಟು ಹಿಡಿದು ಕೂತಿತ್ತು. ಅದನ್ನು ಬಟ್ಟಲಿನ ಪೆಟ್ರೋಲಿನಲ್ಲಿ ಅಲುಗಿಸಿ ಗಾಜಿನಡಿ ಹಿಡಿದಳು.

ಎಳೆಗಳು. ಕೂದಲಿಗಿಂತ ತೆಳ್ಳಗಿನವು, ಜಾಲರಿಯ ಕಣ್ಣುಗಳಿಗೆ ಹೆಣೆದುಕೊಂಡಿದ್ದವು. ಕೆಲವು ಬಿಳಿ, ಕೆಲವು ನೀಲಿ.

"ನಿಮ್ಮ ಬಟ್ಟೆ ಹಳದಿ. ಅದು ಎಳೆ ಬಿಟ್ಟಿಲ್ಲ. ಹಾಗಾದ್ರೆ ಇವು ಯಾವುವು?"

ಬೋಲ್ಟಣ್ಣ ಬಂದು ನೋಡಿದ.

"ತಗಡು ತೆಗೀರಿ."

"ಅದರಲ್ಲಿ ಇನ್ನೇನೂ ಇಲ್ಲ, ನಾನು ತಂತಿ ಆಡಿಸಿ ನೋಡಿದ್ದೀನಿ."

"ತೆಗೀರಿ ಅಂದೆ."

ನಿದ್ದೆಗಣ್ಣಲ್ಲೂ ಎಂಜಿನ್ ಬಿಚ್ಚಬಲ್ಲವನ ಕೈಯಿಂದ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಗೆಣ್ಣು ತರಚಿ ರಕ್ತ ಬಂತು. ಅವಳು ಅದನ್ನು ಕಂಡಳು, ಪಾಪ ಅಂದುಕೊಂಡಳು.

ಅಂಗಡಿಯ ಕೈಕನ್ನಡಿಯನ್ನು ಒಳಗಿನಿಂದ ತಂದಳು. ಹೊಸ ಕನ್ನಡಕ ಹಾಕಿಕೊಂಡವರು ಮುಖ ನೋಡಿಕೊಂಡು ಬೆಚ್ಚುವುದು, ಬೀಗುವುದು ಎಲ್ಲ ಅದರಲ್ಲೇ. ಬಿಸಿಲನ್ನು ಅದರಲ್ಲಿ ಹಿಡಿದು ಟ್ಯಾಂಕಿನ ತೂತಿನೊಳಕ್ಕೆ ತಿರುಗಿಸಿದಳು. ಕಂದು ಪೆಟ್ರೋಲಿನ ತಳ ಬೆಳಗಿತು. ಟ್ಯಾಂಕಿನ ನಡುವೆ ಪೆಟ್ರೋಲು ತುಳುಕದಂತೆ ನಿಲ್ಲಿಸಿದ ಅಡ್ಡತಗಡು. ಅದರ ಬುಡದ ಮೂಲೆಯಲ್ಲಿ ಮುದುಡಿದ ಕಪ್ಪು ಮುದ್ದೆ. ತಿಂಗಳುಗಟ್ಟಲೆ ಕಾರು ನಿಂತಲ್ಲೇ ನಿಂತು, ಪೆಟ್ರೋಲು ಅಂಟಾಗಿ, ಅದು ಅಲ್ಲಿಗೇ ಕಚ್ಚಿಕೊಂಡಿತ್ತು. ಅದಕ್ಕೇ ಇಷ್ಟು ದಿನ ಕಾರು ಹೂವೆತ್ತಿದ ಹಾಗೆ ಓಡಿದ್ದು.

ಕೊಕ್ಕೆಯನ್ನು ಅವಳೇ ಇಳಿಸಿದಳು. ಮುದ್ದೆ ಮೊದಲು ಬಿಡಲಿಲ್ಲ. ಆಮೇಲೆ ಬುಡುಕ್ಕನೆ ಕಿತ್ತುಬಂತು.

ಬಟ್ಟಲಿನಲ್ಲಿ ನೆನೆಹಾಕಿ, ಮಗುವಿನ ಮೈ ಉಜ್ಜುವ ಹಾಗೆ ಬೆರಳ ತುದಿಯಿಂದ ಉಜ್ಜಿದಳು. ಒಂದೊಂದೇ ಮಡಿಕೆ ಬಿಚ್ಚಿತು. ಕೈಯಿಂದ ಹರಿದ ಬಟ್ಟೆ, ಸುತ್ತಲೂ ಎಳೆಗಳು ಜೋತಾಡುತ್ತಿದ್ದವು. ಬಿಳಿಯ ಮೇಲೆ ನೀಲಿ ಪಟ್ಟೆ.

"ನೀವು ಎಷ್ಟು ಹಾಕಿದ್ರಿ ಬೋಲ್ಟಣ್ಣ?"

"ಒಂದೇ." ಅವನು ಒಂದು ಹೆಜ್ಜೆ ಹಿಂದೆ ಸರಿದ. "ದೇವರಾಣೆಗೂ ಒಂದೇ."

ಅವಳು ಕೇಳಿಸಿಕೊಂಡಳೋ ಇಲ್ಲವೋ. ನೀವು ಸುಳ್ಳು ಹೇಳಿರಲಿಲ್ಲ, ಎನ್ನುತ್ತಿದ್ದಳು ಮನಸ್ಸಿನಲ್ಲಿ. ಒಂದು ದಿನವೂ ಹೇಳಿರಲಿಲ್ಲ. ಬಂದ ಪ್ರತಿ ಸಂಜೆ ಬೆವೆತ ಅಂಗಿ, ಪೆಟ್ರೋಲಿನ ವಾಸನೆಯ ಕೈ, ಹೇಳಿದ್ದನ್ನೇ ಹೇಳುವ ಆ ಸಪ್ಪೆ ಮುಖ, ಎಲ್ಲ ನಿಜವೇ ಆಗಿತ್ತು. ನಾನು ಗಾಜಿಟ್ಟು ಎಲ್ಲರ ಕಣ್ಣು ಅಳೆದೆ. ನಿಮ್ಮ ಕಣ್ಣನ್ನು ಒಮ್ಮೆ ನೋಡಿದ್ದರೆ ಸಾಕಿತ್ತು.

ಅವನನ್ನು ಮರಳಿ ಪಡೆದಳು. ಆದರೆ ಕ್ಷಮಿಸಿ ಎನ್ನಲು ಅವನಿರಲಿಲ್ಲ.

ಆಮೇಲೆ ನಿಧಾನವಾಗಿ, ಬೇಡವೆಂದರೂ, ಆ ನೀಲಿ ಪಟ್ಟೆ ಅವಳಿಗೆ ಗುರುತು ಸಿಕ್ಕಿತು. ವರ್ಷಗಳಿಂದ ಅವಳೇ ಒಗೆದು, ಹಿಂಡಿ, ಒಣಹಾಕಿ, ಮಡಿಸಿಟ್ಟ ಬಟ್ಟೆಯದು. ಅತ್ತೆಯ ದಿಂಬಿನ ಗವಸು. ಜೋಡಿಯಲ್ಲಿ ಒಂದು ಕಾಣೆಯಾದಾಗ ಗಾಳಿಗೆ ಹಾರಿಹೋಯಿತು ಅಂದಿದ್ದರು ಅತ್ತೆ.

ತಲೆಯೆತ್ತಿದಳು. ಅತ್ತೆ ಅಡುಗೆಮನೆಯ ಮೆಟ್ಟಿಲಿಳಿದು ಅಂಗಳಕ್ಕೆ ಬಂದಿದ್ದರು. ಕೈಯಲ್ಲಿ ಒರೆಸದ ತಟ್ಟೆ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ಹಾಗೇ ಇದೆಯಾ?" ಅಂದರು.

ಇಷ್ಟು ಕಾಲದ ಮೇಲೆ ಅತ್ತೆ ಅವಳ ಜೊತೆ ಆಡಿದ ಮೊದಲ ಮಾತು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

"ಯಾವುದು ಹಾಗೇ ಇರೋದು, ಅತ್ತೆ?"

"ಅವನು ಹಟ ಹಿಡಿದಿದ್ದ. ಬೇರೆ ಊರಲ್ಲಿ ಅಂಗಡಿ ಇಡ್ತೀನಿ, ಮನೆ ನೋಡ್ಕೊಂಡು ಬಂದಿದ್ದೀನಿ ಅಂದ. ನಿನಗೆ ಇನ್ನೂ ಹೇಳಿಲ್ಲ, ಆಮೇಲೆ ಹೇಳ್ತೀನಿ ಅಂದ. ನಾಲ್ಕು ದಿನ ಕಾರು ಕೆಟ್ಟು ಕೂತರೆ ಮನಸ್ಸು ಬದಲಾಗುತ್ತೆ ಅಂತ... ಅಷ್ಟೇ ಕಣೇ. ನಾಲ್ಕು ದಿನಕ್ಕೆ ಅಷ್ಟೇ." ಅತ್ತೆ ತಟ್ಟೆಯನ್ನು ಎದೆಗವಚಿಕೊಂಡರು. "ಆಮೇಲೆ ಪೆಟ್ರೋಲಲ್ಲಿ ಬಟ್ಟೆ ಕರಗಿ ಹೋಗುತ್ತೆ, ಗುರುತೂ ಇರಲ್ಲ ಅಂದಿದ್ದ. ಕರಗಿ ಹೋಗಿದೆ ಅಂತಲೇ ನಾನು..."

ಅತ್ತೆಗೆ ಕಾರಿನ ಬಾಗಿಲು ತೆಗೆಯುವುದೂ ಸರಿಯಾಗಿ ಬರುತ್ತಿರಲಿಲ್ಲ. ಇದನ್ನು ಯಾರಾದರೂ ಹೇಳಿಕೊಡಲೇಬೇಕು. ಅವಳು ಆ ನೀಲಿ ಪಟ್ಟೆಯ ಚೂರನ್ನು ಹಿಡಿದೇ ಎದ್ದು ನಿಂತಳು. ಅತ್ತೆಯ ತೋಳು ಹಿಡಿದಳು. ಎಲುಬು ಮಾತ್ರ ಉಳಿದ ಆ ತೋಳನ್ನು ಮುರಿಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು.

"ಯಾರು ಅಂದಿದ್ದು, ಅತ್ತೆ? ಕರಗಿ ಹೋಗುತ್ತೆ ಅಂತ ಯಾರು ಹೇಳಿದ್ದು?"

ಅತ್ತೆ ತಲೆಯೆತ್ತಿದರು. ಅವರ ಕಣ್ಣು ಸೊಸೆಯ ಮುಖದ ಮೇಲಿರಲಿಲ್ಲ. ಅವಳ ಭುಜ ದಾಟಿ, ಹಿಂದೆ, ಕಾರಿನ ಬಳಿ ಕೈ ಒರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿ ನಿಂತವನ ಮೇಲಿತ್ತು.